ಕಲಿಸದ ಮುಖ

ತಟ್ಟೆಯ ಅನ್ನ ಆರಿಹೋಗುತ್ತಿದೆ, ಒಂದು ನೊಣ ಅಂಚು ಹಿಡಿದು ಸುತ್ತುತ್ತಿದೆ, ದೊಡ್ಡಮ್ಮ ಕೈಯಿಟ್ಟಿಲ್ಲ, ದಾಕ್ಷಿ ಬರ್ಲಿ ತನೂ, ಆಮೇಲೆ ಉಣ್ತೀನಿ — ದಾಕ್ಷಿ ಎಂಬವಳು ಈ ಮನೆಯಲ್ಲಿ ಎಂದೂ ಹುಟ್ಟಿಲ್ಲ, ದೊಡ್ಡಮ್ಮನಿಗೆ ಇರುವವನು ಮಗ ಅಭಿಲಾಷ್ ಒಬ್ಬನೇ, ಹೋದ ವರ್ಷದ ಮೆದುಳು ಜ್ವರ ಇಳಿದ ಮೇಲೆ ಎಲ್ಲಿಂದಲೋ ಈ ಮಗಳು ಬಂದುಬಿಟ್ಟಳು, ಅವಳನ್ನು ಹುಡುಕುತ್ತ ದೊಡ್ಡಮ್ಮ ಬಿಸಿಲೆಯ ಕಾಡಿನ ದಾರಿ ಹಿಡಿದಳು, ಆಗಲೇ ಅಭಿಲಾಷ್ ಮೈಸೂರಲ್ಲಿದ್ದ ನನಗೆ ಫೋನ್ ಮಾಡಿದ್ದು, ಮೆದುಳಿನ ಮೇಲೇ ಓದಿದೀಯಲ್ಲ, ನೀನೇ ಬಂದು ಹೇಳು, ನನ್ನ ಮಾತು ಕೇಳಲ್ಲ ಅವ್ವ — ನಾನು ಬರೆಯುವುದು ಬರೀ ಗಣಿತ, ಒಟ್ಟಿಗೆ ಮಿಡಿದ ಎರಡು ನರಕೋಶಗಳ ನಡುವಿನ ಕೊಂಡಿ ಎಷ್ಟು ಬಲಿಯುತ್ತದೆ ಎಂಬ ಸಮೀಕರಣ, ಅದರಿಂದ ಕಂಪ್ಯೂಟರಿಗೆ ಮುಖಗಳನ್ನು ಕಲಿಸುತ್ತೇನೆ, ಅರ್ಧ ಮುಖ ತೋರಿಸಿದರೆ ಉಳಿದರ್ಧವನ್ನು ಅದೇ ತುಂಬಿಕೊಳ್ಳುತ್ತದೆ, ಆದರೆ ತೀರಾ ಹೆಚ್ಚು ಕಲಿಸಿದರೆ ಒಮ್ಮೊಮ್ಮೆ ನಾನು ತೋರಿಸದೇ ಇದ್ದ ಮುಖವೊಂದು ಪರದೆಯ ಮೇಲೆ ಬಂದು ನಿಲ್ಲುತ್ತದೆ, ಒಬ್ಬರ ಹುಬ್ಬು, ಇನ್ನೊಬ್ಬರ ಮೂಗು, ಕದಲದೆ, ನಿಜವಾದ ನೆನಪಿನಷ್ಟೇ ಗಟ್ಟಿಯಾಗಿ.

ಇಲ್ಲಿಗೆ ಬಂದಾಗಿನಿಂದ ದಿನವೂ ಹೇಳಿದೆ, ದೊಡ್ಡಮ್ಮ, ದಾಕ್ಷಿ ಅನ್ನೋಳು ಇಲ್ಲ, ಹೇಳಿದಾಗಲೆಲ್ಲ ಮಗಳು ಆಗಷ್ಟೇ ಸತ್ತಂತೆ ಅತ್ತಳು, ಮರುದಿನ ಮತ್ತೆ ಕೇಳಿದಳು, ಇನ್ನಷ್ಟು ಸ್ಪಷ್ಟವಾಗಿ — ಇಲ್ಲ ಅನ್ನುವುದಕ್ಕೂ ಹೆಸರು ಹೇಳಲೇಬೇಕು, ಹೇಳಿದರೆ ಕೊಂಡಿ ಬಲಿಯುತ್ತದೆ, ಸಮೀಕರಣಕ್ಕೆ ಹೌದು ಇಲ್ಲಗಳ ಭೇದವಿಲ್ಲ, ಕೇಳುವ ತಲೆಯಲ್ಲಿ ಮಾತ್ರವಲ್ಲ, ಹೇಳುವ ತಲೆಯಲ್ಲೂ ಬಲಿಯುತ್ತದೆ, ಇದು ತಡವಾಗಿ ಹೊಳೆಯಿತು, ನಿನ್ನೆ ಕಣದಲ್ಲಿ ಕಾಫಿ ಬೀಜ ಒಣಗಲು ಹರವುತ್ತಿದ್ದ ಅಭಿಲಾಷ್ ಕೈ ನಿಲ್ಲಿಸಿ, ದಾಕ್ಷಿ ಎಡಗೈಲಿ ಬರೀತಿದ್ಲು ಅಲ್ವಾ ಅಂದ, ಅಂದವನೇ ಬೆಚ್ಚಿದ, ನಾನ್ಯಾಕೆ ಹಂಗಂದೆ ಮಾರಾಯ್ತಿ, ನನಗೆ ನಗು ಬರಲಿಲ್ಲ, ಹೌದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು — ಈಗ ದೊಡ್ಡಮ್ಮನ ತುಟಿ ಒಣಗಿದೆ, ಬೆಳಿಗ್ಗೆಯಿಂದ ಹನಿ ನೀರೂ ಇಲ್ಲ, ಸಾಕು, ದಾಕ್ಷಿ ಬರ್ತಾಳೆ ದೊಡ್ಡಮ್ಮ, ಯಸಳೂರು ಬಸ್ಸಿಗೆ ಬರ್ತಾಳೆ, ಎಂದುಬಿಡುತ್ತೇನೆ, ದೊಡ್ಡಮ್ಮ ನಗುತ್ತಾಳೆ, ಅನ್ನ ಕಲಸುತ್ತಾಳೆ, ತುತ್ತು ಬಾಯಿಗಿಡುತ್ತಾಳೆ, ಅಷ್ಟರಲ್ಲಿ ಕಣದ ಆಚೆ ಅವಳು, ಚಿಕ್ಕವಳು, ನನ್ನಮ್ಮನ ಕಣ್ಣು, ಅಭಿಲಾಷನ ಗದ್ದ, ಯಾವುದು ಎಲ್ಲಿಂದ ಬಂತೆಂದು ನನಗೆ ಗೊತ್ತು, ಎಲ್ಲ ಗೊತ್ತು, ಆದರೆ ಒಂದು ಜಡೆ ಬಿಚ್ಚಿಹೋಗಿದೆ, ಇದನ್ನು ಯಾರೂ ಹೇಳಿರಲಿಲ್ಲ, ಕಣ್ಣು ಮುಚ್ಚಿದರೂ ಬಿಚ್ಚಿದ ಜಡೆ, ತೆರೆದರೂ, ದೊಡ್ಡಮ್ಮ ಅತ್ತಲೇ ನೋಡುತ್ತ ಮೆಲ್ಲಗೆ ಅನ್ನುತ್ತಾಳೆ, ಬಾಚಣಿಗೆ ತಗೊಂಬಾ ತನೂ, ಮಗೀಗೆ ಒಂದು ಜಡೆ ಬಿಚ್ಚೋಗೈತೆ — ಎಡಗಡೆಯದು, ಗಾಳಿಯಿಲ್ಲ, ಆದರೂ ಅಲುಗುತ್ತಿದೆ, ಬಿಚ್ಚಿದ ಜಡೆ, ಬಿಚ್ಚಿದ ಜಡೆ