ಒಂದು ಗೇಣು ಖಾಲಿ ಜಾಗ

ನಾವು ಮನೆ ಸಾಗಿಸುವವರು. ಅಂದರೆ ಒಬ್ಬರ ಮನೆಯ ಸಾಮಾನನ್ನೆಲ್ಲ ಕಟ್ಟಿ, ಲಾರಿಗೆ ಏರಿಸಿ, ಇನ್ನೊಂದು ಮನೆಯಲ್ಲಿ ಇಳಿಸಿ ಜೋಡಿಸಿಕೊಡುವವರು. ಲಾರಿ ಓಡಿಸುವುದು ನನ್ನ ಗಂಡ, ಸಾಮಾನು ಕಟ್ಟುವುದು ನಮ್ಮತ್ತೆ. ಗಿರಾಕಿಗಳ ಜತೆ ಮಾತಾಡುವುದು, ಫೋಟೊ ತೆಗೆಯುವುದು, ಅಮ್ಮ ಮಗನ ಜಗಳ ಬಿಡಿಸುವುದು ನನ್ನ ಪಾಲಿನ ಕೆಲಸ. ಜಂಬ ಕೊಚ್ಚುತ್ತಿದ್ದೇನೆ ಅಂದುಕೊಂಡರೂ ಚಿಂತೆಯಿಲ್ಲ, ನಮ್ಮತ್ತೆ ಕಟ್ಟಿದ ಪೆಟ್ಟಿಗೆಯಲ್ಲಿ ಈವರೆಗೆ ಒಂದು ಲೋಟವೂ ಒಡೆದಿಲ್ಲ. ಸೂಜಿ ಇಡಲೂ ಜಾಗವಿಲ್ಲ ಎಂದು ಬೇರೆಯವರು ಕೈಚೆಲ್ಲಿದ ಲಾರಿಯಲ್ಲಿ ಅವರು ಒಂದು ಹೊಲಿಗೆ ಯಂತ್ರ ತೂರಿಸಿ, ಅದರ ಮೇಲೆ ತಾವೂ ಕೂತು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮಲ್ಲೊಂದು ಪದ್ಧತಿ ಇದೆ. ಒಂದು ಚಮಚವನ್ನೂ ಮುಟ್ಟುವ ಮೊದಲು ಮನೆಯ ಪ್ರತಿ ಕಪಾಟಿನ, ಪ್ರತಿ ಹಲಗೆಯ ಫೋಟೊ ತೆಗೆಯುತ್ತೇನೆ. ದೂರದಿಂದ ಒಂದು, ಹತ್ತಿರದಿಂದ ಒಂದು, ಡ್ರಾಯರ್ ಎಳೆದು ಮತ್ತೊಂದು. ಹೊಸ ಮನೆಯಲ್ಲಿ ಆ ಫೋಟೊ ನೋಡಿಕೊಂಡು ಇದ್ದದ್ದು ಇದ್ದ ಹಾಗೆ ಜೋಡಿಸುತ್ತೇವೆ. "ಕಣ್ಣು ಮುಚ್ಚಿ ಕೈ ಹಾಕಿ, ಉಪ್ಪಿನ ಡಬ್ಬಿ ಸಿಗದೇ ಹೋದ್ರೆ ಕೇಳಿ" ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ತಿರುಗುವುದು ನನ್ನ ಚಾಳಿ.

ಆ ಫೋಟೊಗಳಿಗೆಂದೇ ಒಂದು ಹೊಸ ಫೋನು ಕೊಂಡೆವು. ಪೆಟ್ಟಿಗೆಯ ಮೇಲೆ ಮೂವತ್ತೆರಡು ಜಿಬಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮನೆಗೆ ತಂದು ಸೆಟ್ಟಿಂಗ್ಸ್ ತೆರೆದರೆ, ನಾನಿನ್ನೂ ಒಂದು ಫೋಟೊ ತೆಗೆದಿಲ್ಲ, ಆಗಲೇ ಅರ್ಧಕ್ಕರ್ಧ ಭರ್ತಿ! ಸಿಟ್ಟು ನೆತ್ತಿಗೇರಿತು. ಚಪ್ಪಲಿ ಮೆಟ್ಟಿಕೊಂಡು ಸೀದಾ ಅಂಗಡಿಗೆ ಹೋದೆ.

"ಯಾರೋ ಬಳಸಿದ ಫೋನ್ ಕೊಟ್ಟಿದೀರಾ ನಂಗೆ? ಇದರೊಳಗಿರೋದು ಯಾರ ಸಾಮಾನು?"

ಕೌಂಟರಿನ ಹುಡುಗಿ ತಾಳ್ಮೆಯವಳು. "ಅದು ಸಿಸ್ಟಮ್ ಅಕ್ಕ. ಫೋನನ್ನ ನಡೆಸೋದೇ ಅದು. ಅದೂ ಒಳಗೇ ಇರ್ಬೇಕಲ್ವಾ?"

"ಇರ್ಲಿ ಬಿಡಮ್ಮ, ಬೇಡ ಅಂದೋರ್ಯಾರು? ಆದ್ರೆ ಇಷ್ಟು ಜಾಗಾನಾ?"

"ಕಂಪನಿಯೋರು ಹಾಕಿರೋ ಆ್ಯಪ್‌ಗಳೂ ಅದರಲ್ಲೇ ಬಂದ್ವು. ಆಮೇಲೆ ಅಪ್‌ಡೇಟ್ ಬರುತ್ತೆ, ಅದನ್ನ ಇಳಿಸ್ಕೊಂಡು ಬಿಚ್ಚೋಕೆ ಇನ್ನೊಂದಿಷ್ಟು ಜಾಗ ಬೇಕು. ಹೊಸದು ಕೈಕೊಟ್ರೆ ಇರ್ಲಿ ಅಂತ ಕೆಲವು ಫೋನ್ ಹಳೇದನ್ನೂ ಇಟ್ಕೊಂಡಿರುತ್ತೆ. ಆ್ಯಪ್‌ಗಳೂ ಅಷ್ಟೇ, ಓಡ್ತಾ ಓಡ್ತಾ ಚೂರುಪಾರು ಸೇರಿಸ್ಕೊಳ್ತಾನೇ ಇರ್ತವೆ. ಬರ್ತಾ ಬರ್ತಾ ಜಾಸ್ತಿ ಆಗುತ್ತೆ ಅಕ್ಕ, ಕಮ್ಮಿ ಅಂತೂ ಆಗಲ್ಲ."

"ಮತ್ತೆ ಪೆಟ್ಟಿಗೆ ಮೇಲೆ ಮೂವತ್ತೆರಡು ಅಂತ ಯಾಕೆ ಬರ್ದಿದೀರಾ?"

"ಒಟ್ಟು ಅಷ್ಟು ಅಂತ ಬರ್ದಿದೆ ಅಕ್ಕ. ನಿಮಗೆ ಅಷ್ಟು ಅಂತ ಬರ್ದಿಲ್ಲ."

ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದೆ. ಹಗ್ಗ ಸುತ್ತುತ್ತಾ ಕೂತಿದ್ದ ನಮ್ಮತ್ತೆ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು.

"ಬಾಡಿಗೆ ಮನೆ ಕಣೆ ಅದು. ಮಾಲೀಕ ಒಂದು ಕೋಣೇಲಿ ತನ್ನ ಸಾಮಾನಿಟ್ಟು ಬೀಗ ಹಾಕ್ಕೊಂಡಿರ್ತಾನೆ ನೋಡು, ಹಾಗೆ. ಬಾಡಿಗೆ ಮಾತ್ರ ಪೂರ್ತಿ ಮನೇದು."

"ಈ ಮಾಲೀಕ ಆಗಾಗ ಬಂದು ಇನ್ನೊಂದು ಮಂಚಾನೂ ತಂದಿಡ್ತಾನಂತೆ ಅತ್ತೆ."

"ಇಡದೆ ಏನು? ಅದಕ್ಕೇ ಹೇಳೋದು, ನಂಗೆ ಈ ಫೋಟೊ ಗೀಟೊ ಬೇಡ ಅಂತ. ನನ್ನ ಕೈಗೇ ನೆನಪಿರುತ್ತೆ."

"ನಿಮ್ಮ ಕೈ ಎಷ್ಟು ಜಿಬಿ ಅತ್ತೆ?" ಎಂದು ಕಾಲೆಳೆದೆ.

"ಎಷ್ಟಾದ್ರೂ ಇರ್ಲಿ. ಒಳಗೆ ಮಾಲೀಕ ಇಲ್ಲ, ಪೂರ್ತಿ ನಂದೇ."

ಹೀಗಿರುವಾಗ ಆಪರೇಟರಮ್ಮನ ಮನೆ ಸಾಗಿಸುವ ಕೆಲಸ ಬಂತು. ಆಕೆ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕೂತು ಕರೆಗಳನ್ನು ಜೋಡಿಸುತ್ತಿದ್ದವರು, ಈಗ ನಿವೃತ್ತರು. ಕಣ್ಣು ಹುಟ್ಟಿನಿಂದಲೇ ಕಾಣದು. ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದೆ ಊರಿನ ಇನ್ನೊಂದು ತುದಿಯಲ್ಲಿ ನೆಲಮಹಡಿಯ ಮನೆ ಹಿಡಿದಿದ್ದರು. ಒಲೆ ಎಡಕ್ಕೆ, ನಲ್ಲಿ ಬಲಕ್ಕೆ, ಹಳೇ ಮನೆಯಲ್ಲಿದ್ದಂತೆಯೇ ಇರುವ ಅಡುಗೆಮನೆಯನ್ನು ಹುಡುಕಿ ಹುಡುಕಿ ಹಿಡಿದದ್ದು.

ಅವರ ಅಣ್ಣನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಕೆಟ್ಟವರಲ್ಲ, ತಂಗಿಯ ಮೇಲೆ ಜೀವ. ಹೊಸ ಮನೆಯಲ್ಲಿ ಬಿದ್ದುಗಿದ್ದು ಕೈಕಾಲು ಮುರಿದುಕೊಂಡರೆ ಎಂಬ ಭಯ, ಅದಕ್ಕೇ ವೃದ್ಧಾಶ್ರಮದಲ್ಲಿ ಜಾಗ ಗೊತ್ತುಮಾಡಿದ್ದರು. ಆದರೆ ಆಪರೇಟರಮ್ಮ ಹಠಕ್ಕೆ ಇನ್ನೊಂದು ಹೆಸರು. ನಮ್ಮೆದುರಿಗೇ ಅಣ್ಣನಿಗೆ ಪಂಥ ಕಟ್ಟಿದರು.

"ಸಾಮಾನು ಇಳಿಸಿದ ದಿನವೇ ಸಂಜೆ ಹೊಸ ಅಡುಗೆಮನೇಲಿ ನಿನಗೆ ಟೀ ಮಾಡಿ ಕೊಡ್ತೀನಿ. ಯಾರೂ ಹೇಳ್ಕೊಡೋ ಹಾಗಿಲ್ಲ. ಒಂದು ಡಬ್ಬಿ ಹುಡುಕೋಕೆ ತಡವರಿಸಿದ್ರೂ ನೀನು ಹೇಳಿದ ಕಡೆ ಬರ್ತೀನಿ. ತಡವರಿಸದಿದ್ರೆ ಆ ಮಾತು ಮತ್ತೆ ಎತ್ಬಾರ್ದು."

ಅಣ್ಣ ಒಪ್ಪಿದರು. ಆಪರೇಟರಮ್ಮ ನನ್ನ ಕಡೆ ಮುಖ ತಿರುಗಿಸಿ ನಕ್ಕರು. "ಕಣ್ಣು ಮುಚ್ಚಿ ಕೈ ಹಾಕಿದ್ರೆ ಉಪ್ಪಿನ ಡಬ್ಬಿ ಸಿಗುತ್ತೆ ಅಂತ ಹೇಳ್ಕೊಂಡು ತಿರುಗ್ತೀರಂತಲ್ಲ? ಅದಕ್ಕೇ ನಿಮ್ಮನ್ನ ಕರೆಸಿದ್ದು."

ನಾನು ಫೋನು ಹಿಡಿದು ಸೀದಾ ಅಡುಗೆಮನೆಗೆ ನಡೆದೆ.

ಅಡುಗೆಮನೆಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು, ಅದರ ತುಂಬ ಹೆಚ್ಚುಕಮ್ಮಿ ಒಂದೇ ಥರದ ಡಬ್ಬಿಗಳು. ಚೀಟಿ ಇಲ್ಲ, ಗುರುತಿಲ್ಲ. ಯಾವುದು ಎಲ್ಲಿ ಎಂದು ಕೇಳಿದರೆ ಆಪರೇಟರಮ್ಮ ಕೈಯಾಡಿಸಿದರು. "ಬಾಯಲ್ಲಿ ಹೇಳು ಅಂದ್ರೆ ಬರಲ್ಲಮ್ಮ. ಹಲಗೆ ಮುಂದೆ ನಿಂತ್ರೆ ಕೈ ತಾನೇ ಹೋಗುತ್ತೆ." ನಾನು ಮೂಲೆ ಮೂಲೆಯ ಫೋಟೊ ತೆಗೆದೆ. ಅಣ್ಣ ಬಂದು ಆಕೆಯನ್ನು ಸಂಜೆಯವರೆಗೆ ತಮ್ಮ ಮನೆಗೆ ಕರೆದುಕೊಂಡು ಹೋದರು.

ನಡುಮನೆಯ ಕೆಲಸ ಮುಗಿಸಿ ಬಂದರೆ ನಮ್ಮತ್ತೆ ಸ್ಟ್ಯಾಂಡಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾರೆ.

"ಅತ್ತೆ, ನಿದ್ದೆ ಮಾಡೋಕೆ ಇದೇನಾ ಹೊತ್ತು?"

"ಸುಮ್ನಿರೆ ಸ್ವಲ್ಪ."

ಕಣ್ಣು ತೆರೆಯಲೇ ಇಲ್ಲ. ಒಂದೊಂದೇ ಹಲಗೆಯ ಮೇಲೆ ಅಂಗೈ ಆಡಿಸಿದರು. ಡಬ್ಬಿಯಿಂದ ಡಬ್ಬಿಗೆ ಬೆರಳಿಟ್ಟು, ಕೆಲವು ಕಡೆ ಗೇಣು ಹಾಕಿ ಅಳೆದರು. ಆಮೇಲೆ ಎಡದಿಂದ ಬಲಕ್ಕೆ ಒಂದೊಂದನ್ನೇ ತೆಗೆದು ಕಟ್ಟಿದರು. ಸಹಾಯಕ್ಕೆ ಹೋದ ನನ್ನನ್ನು ಮೊಣಕೈಯಲ್ಲಿ ಆಚೆ ತಳ್ಳಿದರು. ವಯಸ್ಸಾದ ಮೇಲೆ ಹಠವೂ ಜಾಸ್ತಿ ಎಂದು ಗೊಣಗಿಕೊಂಡು ನಾನು ಹಾಸಿಗೆ ಸುತ್ತಲು ಹೋದೆ.

ಲಾರಿ ಮೊದಲು ಹೊರಟಿತು, ದಾರಿ ನೋಡಲು ಬೇಕಾದೀತೆಂದು ಫೋನನ್ನು ನನ್ನ ಗಂಡನ ಕೈಗೇ ಕೊಟ್ಟು ಕಳಿಸಿದೆ. ಮನೆ ಗುಡಿಸಿ, ಬೀಗದ ಕೈ ಒಪ್ಪಿಸಿ ನಾನು ಬಸ್ಸು ಹಿಡಿದು ಹೋದರೆ, ಹೊಸ ಮನೆಯ ಬಾಗಿಲಲ್ಲಿ ನನ್ನ ಗಂಡ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ಕೈಯಲ್ಲಿ ಫೋನು.

"ಒಂದು ಎಡವಟ್ಟಾಯ್ತು. ಬೈಬೇಡ."

ನಡೆದದ್ದಿಷ್ಟು. ಅರ್ಧ ದಾರಿಯಲ್ಲಿ ರಸ್ತೆ ಅಗೆದಿದ್ದರು. ಬೇರೆ ದಾರಿ ನೋಡೋಣವೆಂದು ಇವರು ಫೋನು ತೆಗೆದರೆ ಜಾಗ ತುಂಬಿದೆ ಎನ್ನುತ್ತಾ ಮ್ಯಾಪ್ ತೆರೆಯಲೊಲ್ಲದು. ಬೆಳಿಗ್ಗೆ ನಾನು ಫೋಟೊ ತೆಗೆಯುತ್ತಿದ್ದಾಗಲೇ ಅದು ಯಾರನ್ನೂ ಕೇಳದೆ ಒಂದು ಅಪ್‌ಡೇಟ್ ಇಳಿಸಿಕೊಂಡು ಕೂತಿತ್ತು. ಮಾಲೀಕ ಮಂಚ ತಂದಿಟ್ಟಿದ್ದ.

"ಹಿಂದೆ ನೋಡಿದ್ರೆ ಸಾಲಾಗಿ ಹಾರನ್ನು. ಏನಾದ್ರೂ ಇಳಿಸೋಣ ಅಂತ ಒಳಗೆ ಹೋದೆ. ಎಲ್ಲಕ್ಕಿಂತ ದೊಡ್ಡದು ಸಿಸ್ಟಮ್ ಅಂತ ಇತ್ತು. ಮೊದಲು ಅದನ್ನೇ ಎತ್ತೋಣ ಅಂತ ನೋಡ್ದೆ, ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ."

ಭಾರದ್ದನ್ನೇ ಮೊದಲು ಎತ್ತುವುದು ಇವರ ಹುಟ್ಟುಗುಣ. ಫೋನಿನಲ್ಲೂ ಬಿಡಲಿಲ್ಲ.

"ಆಮೇಲೆ?"

"ಆಮೇಲೆ ಫೋನೇ ಕೇಳ್ತು, ಈ ಫೋಟೊಗಳೆಲ್ಲ ಒಂದೇ ಥರ ಇವೆ, ತೆಗೆದುಹಾಕ್ಲಾ ಅಂತ. ಹೂಂ ಅಂದೆ. ಕಸದ ಬುಟ್ಟಿಗೆ ಹಾಕ್ತು. ಆದ್ರೂ ಜಾಗ ಆಗ್ಲಿಲ್ಲ."

ಆಗುವುದು ಹೇಗೆ? ಆ ಬುಟ್ಟಿಯೂ ಫೋನಿನ ಹೊಟ್ಟೆಯೊಳಗೇ ಇರುವುದು. ನಮ್ಮ ಕೆಲಸದಲ್ಲಿ ಬಾಗಿಲಾಚೆ ಇಟ್ಟದ್ದು ಮನೆಯಿಂದ ಹೋದ ಹಾಗೆಯೇ ಲೆಕ್ಕ. ಫೋನಿನಲ್ಲಿ ಹಾಗಲ್ಲ, ಎಸೆದದ್ದೂ ಒಳಗೇ ಕೂತು ಜಾಗ ತಿನ್ನುತ್ತಿರುತ್ತದೆ. ಇನ್ನು ಬಿಟ್ಟ ಮನೆಯಲ್ಲಿ ಕಸ ಬಿಡಬಾರದು ಎಂಬುದು ನಮ್ಮ ನಿಯಮ. ನನ್ನ ಗಂಡ ಆ ಬುಟ್ಟಿಯನ್ನೂ ನೀಟಾಗಿ ಗುಡಿಸಿ ಹಾಕಿದ್ದರು.

ಫೋನು ಕಿತ್ತುಕೊಂಡು ನೋಡಿದೆ. ಮಲಗುವ ಕೋಣೆ ಇದೆ, ಬಚ್ಚಲಿದೆ. ಅಡುಗೆಮನೆಯ ಡಬ್ಬಿಗಳು ಮಾತ್ರ ಆ ಯಂತ್ರಕ್ಕೆ ಎಲ್ಲ ಒಂದೇ ಥರ ಕಂಡು ಮಂಗಮಾಯವಾಗಿದ್ದವು. ಉಳಿದದ್ದು ಬಾಗಿಲಿನಿಂದ ತೆಗೆದ ಒಂದೇ ಫೋಟೊ, ಅದರಲ್ಲೂ ಮುಕ್ಕಾಲು ಪಾಲು ನನ್ನ ಗಂಡನ ಬೆನ್ನು.

"ರೀ, ನಿಮ್ಮ ಬೆನ್ನು ನೋಡ್ಕೊಂಡು ಉಪ್ಪು ಎಲ್ಲಿಡ್ಲಿ ನಾನು?" ಎಂದು ಕೂಗಾಡಿದೆ. ಅಳುವೂ ಬಂತು. ಒಬ್ಬ ಹೆಂಗಸು ತನ್ನ ಮನೆ ತನಗೆ ಉಳಿಯಲಿ ಎಂದು ನಮ್ಮನ್ನು ನಂಬಿದ್ದಳು.

"ಆಪರೇಟರಮ್ಮಂಗೇ ಫೋನ್ ಮಾಡಿ ಕೇಳೋಣ್ವಾ?"

"ಪಕ್ಕದಲ್ಲಿ ಅಣ್ಣ ಕೂತಿದಾರೆ. ಕೇಳಿದ್ರೆ ಅಲ್ಲೇ ಪಂಥ ಮುಗೀತು. ಅಲ್ದೆ ಅವರ ಬಾಯಿಗೆ ಬರಲ್ಲ, ಕೈಗೆ ಮಾತ್ರ ಗೊತ್ತು ಅಂದ್ರಲ್ಲ!"

ಒಳಗಿನಿಂದ ನಮ್ಮತ್ತೆಯ ದನಿ ಕೇಳಿಸಿತು. "ನಿಮ್ಮಿಬ್ಬರ ಗಲಾಟೆ ಮುಗಿದಿದ್ರೆ ಅಡುಗೆಮನೆ ಪೆಟ್ಟಿಗೆ ಒಳಗೆ ತನ್ನಿ."

ತಂದೆವು. ಅವರು ಸೆರಗು ಸಿಕ್ಕಿಸಿ, ಆಗಲೇ ನಿಲ್ಲಿಸಿಟ್ಟಿದ್ದ ಸ್ಟ್ಯಾಂಡಿನ ಮುಂದೆ ನಿಂತು ಕಣ್ಣು ಮುಚ್ಚಿದರು. ಕೈ ನೀಡಿದರು. ಪೆಟ್ಟಿಗೆಯಲ್ಲಿ ಮೇಲಿದ್ದದ್ದನ್ನು ನಾನು ಕೊಡುತ್ತಾ ಹೋದೆ. ಕೊನೆಗೆ ಕಟ್ಟಿದ್ದು ಮೊದಲು ಬರುತ್ತದಲ್ಲ, ಆದ್ದರಿಂದ ಬಲತುದಿಯಿಂದ ಶುರುವಾಯಿತು. ಅವರು ಡಬ್ಬಿ ಇಟ್ಟು, ಬೆರಳು ಒತ್ತಿ ನೋಡಿ, ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಮುಂದಿನದಕ್ಕೆ ಕೈ ಚಾಚುತ್ತಿದ್ದರು. ಎಲ್ಲೂ ಅನುಮಾನವಿಲ್ಲ. ಬೆಳಿಗ್ಗೆ ನಿದ್ದೆ ಎಂದು ನಾನು ಛೇಡಿಸಿದ್ದು ಇದಕ್ಕೇ. ನಾಚಿಕೆಯಾಗಬೇಕಿತ್ತು, ಆದರೆ ನನಗಾದದ್ದು ಹೆಮ್ಮೆ.

ಎಲ್ಲ ಇಟ್ಟ ಮೇಲೆ ಎರಡನೇ ಹಲಗೆಯಲ್ಲಿ, ಸಕ್ಕರೆಗೂ ಉಪ್ಪಿಗೂ ನಡುವೆ, ಒಂದು ಗೇಣು ಜಾಗ ಖಾಲಿ ಉಳಿಯಿತು. ಕೆಳಗಿನ ಹಲಗೆಯಲ್ಲಿ ನೋಡಿದರೆ ಡಬ್ಬಿಗಳು ಒತ್ತೊತ್ತಾಗಿ ಕೂತಿವೆ. ಖಾಲಿ ಜಾಗ ಕಂಡರೆ ಸಾಮಾನು ಸಾಗಿಸುವವರ ಕೈ ಸುಮ್ಮನಿರುವುದಿಲ್ಲ. ಕೆಳಗಿನಿಂದ ಒಂದು ಡಬ್ಬಿ ಎತ್ತಲು ಹೋದೆ. ನಮ್ಮತ್ತೆ ಕೈ ಮೇಲೆ ಪಟ್ಟನೆ ಒಂದು ಕೊಟ್ಟರು.

"ಅಲ್ಲಿ ಖಾಲಿ ಇದೆಯಲ್ಲ ಅತ್ತೆ."

"ಹಳೇ ಮನೇಲೂ ಖಾಲಿ ಇತ್ತು. ಅದಕ್ಕೇ ಇಲ್ಲೂ ಖಾಲಿ."

ಸಂಜೆ ಅಣ್ಣ ತಂಗಿ ಬಂದರು. ಅಣ್ಣ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕೂತರು. ನಾನು ನಮ್ಮತ್ತೆ ಗೋಡೆಗಂಟಿ ನಿಂತೆವು. ನನ್ನ ಗಂಡನಿಗೆ ಒಳಗೆ ಬರುವ ಧೈರ್ಯವಿಲ್ಲ, ಲಾರಿಯ ಹತ್ತಿರವೇ ಉಳಿದರು.

ಆಪರೇಟರಮ್ಮ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ಬಂದರು. ಎಡಗೈ ಒಲೆಯ ಅಂಚು ಮುಟ್ಟಿತು. ಪಾತ್ರೆ ಸಿಕ್ಕಿತು, ನೀರು ಹಿಡಿದರು, ಒಲೆ ಹಚ್ಚಿ ಮುಚ್ಚಳ ಮುಚ್ಚಿದರು. ಟೀ ಪುಡಿಯ ಡಬ್ಬಿಯ ಮೇಲೆ ಕೈ ನೇರ ಹೋಗಿ ಕೂತಿತು. ಸಕ್ಕರೆಯೂ ಅಷ್ಟೇ. ನೀರು ಕುದಿಯಿತು. ಅವರು ಬಟ್ಟೆಯಲ್ಲಿ ಬಿಸಿ ಮುಚ್ಚಳ ಎತ್ತಿ, ಒಲೆಯ ಕಡೆಗೇ ಮುಖವಿಟ್ಟು, ಇನ್ನೊಂದು ಕೈಯನ್ನು ಎರಡನೇ ಹಲಗೆಗೆ ಚಾಚಿದರು.

ಕೈ ಆ ಖಾಲಿ ಜಾಗಕ್ಕೆ ಹೋಗಿ ನಿಂತುಬಿಟ್ಟಿತು.

ಅಲ್ಲೇನೂ ಇಲ್ಲ. ಅಣ್ಣ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಮುಗಿಯಿತು ಎಂದುಕೊಂಡೆ. ತಿರುಗಿ ನೋಡಿದರೆ ನಮ್ಮತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಆಪರೇಟರಮ್ಮನ ಅಂಗೈ ಬರಿಯ ಹಲಗೆಯ ಮೇಲೆ ಮೆಲ್ಲಗೆ ಆಡಿತು, ಆ ಕಡೆ ಸಕ್ಕರೆ ಡಬ್ಬಿಯವರೆಗೆ, ಈ ಕಡೆ ಉಪ್ಪಿನವರೆಗೆ. ಆಮೇಲೆ ಬಿಸಿ ಮುಚ್ಚಳವನ್ನು ತಂದು ಅಲ್ಲಿಟ್ಟರು. ಸರಿಯಾಗಿ ಕೂತಿತು.

"ಇದನ್ನೂ ತಂದಿದೀರಾ?" ಎಂದರು. "ಮುಚ್ಚಳ ಇಡೋ ಜಾಗ ಇದು. ಯಾರಿಗೂ ಹೇಳಿರ್ಲಿಲ್ಲ. ನಂಗೇ ನೆನಪಿರ್ಲಿಲ್ಲ ನೋಡಿ."

ಟೀ ಸೋಸಿ ಅಣ್ಣನ ಕೈಗೆ ಕೊಟ್ಟರು. ಅವರು ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ" ಎಂದರು.

"ಡಬ್ಬಿ ಸಿಕ್ಕಿಲ್ಲ ಅಂತ ತಿಳ್ಕೋಬೇಡ. ನಿನ್ನ ಕಾಯಿಲೆಗೆ ಅಷ್ಟೇ ಹಾಕೋದು."

ಅಣ್ಣ ನಕ್ಕುಬಿಟ್ಟರು. ವೃದ್ಧಾಶ್ರಮದ ಮಾತು ಅಲ್ಲಿಗೆ ಮುಗಿಯಿತು. ಲೋಟ ಖಾಲಿ ಮಾಡಿ ಎದ್ದು ಬಂದು ಸ್ಟ್ಯಾಂಡನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಫೋಟೊ ನೋಡಿ ಜೋಡಿಸ್ತೀರಂತಲ್ಲಮ್ಮ, ಅದೆಂಥ ಫೋಟೊ, ನಂಗೂ ತೋರಿಸಿ ನೋಡೋಣ."

ನನ್ನ ಜೇಬಿನಲ್ಲಿ ಮೂವತ್ತೆರಡು ಜಿಬಿಯ ಫೋನು ಇತ್ತು. ಅದರೊಳಗೆ ಮಾಲೀಕ ಕಾಲುಚಾಚಿ ಮಲಗಿದ್ದ. ನಾನು ಅದನ್ನು ಹೊರತೆಗೆಯಲಿಲ್ಲ. ಗೋಡೆಗಂಟಿ ನಿಂತಿದ್ದವರ ಕೈ ಹಿಡಿದು ಮುಂದಕ್ಕೆ ಎಳೆದೆ.

"ಫೋಟೊ ಇಲ್ಲ ಸರ್. ನಮ್ಮತ್ತೆ ಇದಾರೆ."

ಅದೆಷ್ಟು ಜೋರಾಗಿ ಹೇಳಿದೆನೋ, ಬೀದಿಯಲ್ಲಿ ಹಗ್ಗ ಸುತ್ತುತ್ತಿದ್ದ ನನ್ನ ಗಂಡನಿಗೂ ಕೇಳಿಸಿತಂತೆ.