ಹಿಂಡಿಯೊಳಗಿನ ಬೆಲ್ಲ

ತವರಿನಿಂದ ಬಂದ ಬಾಳೆಗೊನೆಯನ್ನು ಮುಟ್ಟದ ಹೆಣ್ಣನ್ನು ಭಾಗಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದೂ ಕಮಲಾಪುರದ ಕೆಂಪು ಬಾಳೆ! ಸೊಸೆ ಶೀಲಾಳ ತವರಿನವರು ತಮ್ಮ ತೋಟದ್ದೇ ಗೊನೆ ಕಳಿಸಿದ್ದರು. ಕಲಬುರಗಿಯ ಬ್ರಹ್ಮಪುರದ ಓಣಿಯವರೆಲ್ಲ ತಿಂದು ಬಾಯಿ ಚಪ್ಪರಿಸಿದರು. ಶೀಲಾ ಮಾತ್ರ, "ನಂಗ ಬ್ಯಾಡ್ರಿ ಅತ್ತಿ, ಹೊಟ್ಟಿ ಸರಿ ಇಲ್ಲ" ಅಂದಳು.

ಹೊಟ್ಟೆ ಸರಿ ಇಲ್ಲದವಳು ಖಡಕ್ ಜೋಳದ ರೊಟ್ಟಿ ಕರಂಕರಂ ಅಂತ ತಿನ್ನುತ್ತಾಳೇನು? ಭಾಗಮ್ಮ ನೋಡುತ್ತಲೇ ಇದ್ದಳು. ಮೊದಲು ಚಹಾದ ಸಕ್ಕರೆ ಹೋಯಿತು. ಆಮೇಲೆ ಬ್ರೆಡ್ಡು, ಬಿಸ್ಕತ್ತು, ಇಡ್ಲಿ. ಹಬ್ಬದ ಹೋಳಿಗೆಗೆ ಬರೀ ಕೈ ಮುಗಿದಳು. ಕೊನೆಗೆ ಒಂದು ಸಣ್ಣ ಪಾತ್ರೆಯಲ್ಲಿ ತನಗಷ್ಟೇ ಪಲ್ಯ ಬೇಯಿಸಿಕೊಂಡು ಮುಚ್ಚಳ ಮುಚ್ಚಿ ಇಡತೊಡಗಿದಳು. ಆ ಮುಚ್ಚಳ ಭಾಗಮ್ಮನ ಎದೆಗೆ ಚುಚ್ಚಿತು.

ನಮ್ಮ ಕಡೆ ಮನೆ ಒಡೆಯುವುದು ಅಡುಗೆಮನೆಯಲ್ಲೇ ಶುರುವಾಗುತ್ತದೆ. ಭಾಗಮ್ಮನ ನೆಗೆಣ್ಣಿ ಕೂಡ ಹೀಗೇ ಒಂದು ಪಾತ್ರೆ ಬೇರೆ ಇಟ್ಟವಳು, ವರ್ಷ ತಿರುಗುವುದರೊಳಗೆ ಬೇರೆ ಬಾಗಿಲನ್ನೇ ಇಡಿಸಿದ್ದಳು. ಇರುವವನೊಬ್ಬ ಮಗ. ಅವನೂ ಹೋದರೆ ಈ ಮುದುಕಿ ಯಾರ ಮುಖ ನೋಡಿ ರೊಟ್ಟಿ ಬಡಿಯಬೇಕು?

ಪಕ್ಕದ ಮನೆಯ ತುಳಜಾಬಾಯಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಭಾಗಕ್ಕ, ಹುಷಾರ್ ಇರು. ನೀ ಊಟದಾಗ ಮದ್ದು ಹಾಕ್ತಿ ಅಂತ ಆಕಿಗಿ ಶಕ್ ಬಂದಿರಬೇಕು. ಇಲ್ಲಾಂದ್ರ ಇದು ಬ್ಯಾರಿ ಆಗೂ ಹೂಟ!"

ಕಪನೂರಿನ ಗ್ರಿಲ್ ವರ್ಕ್‌ಶಾಪಿನಿಂದ ಬಂದು ಕೈ ತೊಳೆಯುತ್ತಿದ್ದ ಮಗ ಅಮರನಾಥನನ್ನು ಕೇಳಿದರೆ, "ಏನೋ ಪಥ್ಯ ಮಾಡಾಕತ್ಯಾಳವ್ವ, ನಂಗೇನ್ ಗೊತ್ತು" ಎಂದು ನೆಲ ನೋಡಿದ. ನೆಲ ನೋಡಿ ಮಾತಾಡುವ ಮಗ ಹೆಂಡತಿಯ ಕಡೆ ಸೇರಿದ್ದಾನೆಂದೇ ಲೆಕ್ಕ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅತ್ತೆಯ ಕೈಯದು ಅಂತ ಶೀಲಾ ಇನ್ನೂ ತಿನ್ನುತ್ತಿದ್ದುದು ಒಂದೇ, ಶೇಂಗಾ ಹಿಂಡಿ, ಅಂದರೆ ಕುಟ್ಟಿದ ಚಟ್ನಿಪುಡಿ. ರೊಟ್ಟಿಗೆ ಅದು ಬೇಕೇ ಬೇಕು ಅವಳಿಗೆ. ಭಾಗಮ್ಮ ಒಂದು ಉಪಾಯ ಹೂಡಿದಳು. ಪಥ್ಯ ಖರೆಯಾದರೆ ಸಿಹಿ ತಿಂದಾಗ ಏನಾದರೂ ಆಗಬೇಕು, ಸುಳ್ಳಾದರೆ ಕಲ್ಲಿನಂತಿರುತ್ತಾಳೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರಪುಡಿಯ ಜೊತೆ ಒಂದು ದೊಡ್ಡ ಹೆಂಟೆ ಬೆಲ್ಲ ಹಾಕಿ ಕುಟ್ಟಿದಳು. ಒಂದು ಹಿಡಿ ಖಾರ ಹೆಚ್ಚಿಗೆ ಹಾಕಿದಳು, ಅದರ ಹಿಂದೆ ಬೆಲ್ಲ ಅಡಗಿ ಕೂತಿತು.

"ಈ ಸಲ ಹಿಂಡಿ ಭಾಳ ರುಚಿ ಆಗ್ಯಾದ ನೋಡ್ರಿ ಅತ್ತಿ," ಎಂದು ಶೀಲಾ ಇನ್ನೊಂದಿಷ್ಟು ಹಾಕಿಕೊಂಡಳು. ಭಾಗಮ್ಮ ಡಬ್ಬಿಯನ್ನು ಅವಳ ಕಡೆಗೇ ಸರಿಸಿದಳು.

ಹಿಂಡಿ ಡಬ್ಬಿಯ ತಳ ಕಾಣುವ ಹೊತ್ತಿಗೆ ಸೊಸೆಯ ಮುಖ ಬಾಡಿತ್ತು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಕೂತರೆ ಸರಿಯಾಗಿ ಕೂರಲಾರಳು, ಎದ್ದರೆ ನಿಲ್ಲಲಾರಳು. ನಾಟಕ ಅಂದುಕೊಂಡಳು ಭಾಗಮ್ಮ. ಹಾಗಂದುಕೊಂಡರೂ ಡಬ್ಬಿಗೆ ಮತ್ತೆ ಬೆಲ್ಲದ ಹಿಂಡಿ ತುಂಬಲಿಲ್ಲ. ಭಾನುವಾರ ಶೀಲಾ ಬ್ಯಾಗಿಗೆ ಎರಡು ಸೀರೆ ತುಂಬಿಕೊಂಡು, "ಕಮಲಾಪುರಕ್ಕ ಹೋಗಿ ಬರ್ತೀನ್ರಿ" ಎಂದು ಹೊರಟಾಗ ಮಾತ್ರ ಅನುಮಾನ ಮತ್ತೆ ಹೆಡೆಯೆತ್ತಿತು. ಬೇರೆ ಆಗುವ ಪಂಚಾಯ್ತಿ ತವರಲ್ಲೇ ನಡೆಯುತ್ತದೆ!

ಅವಳ ಬೆನ್ನಿಗೇ ಹೊರಟ ಮುಂದಿನ ಬಸ್ಸಿಗೆ ಭಾಗಮ್ಮನೂ ಹತ್ತಿದಳು. ಜಗಳಕ್ಕೆ ಹೊರಟರೂ ರೀತಿ ರೀತಿಯೇ. ಬರಿಗೈಯಲ್ಲಿ ಬೀಗರ ಮನೆಗೆ ಹೋಗುವುದುಂಟೇ? ಬಸ್‌ಸ್ಟ್ಯಾಂಡಿನಲ್ಲಿ ಪೇಡೆ ಕಟ್ಟಿಸಿಕೊಂಡಿದ್ದಳು.

ಕಮಲಾಪುರದ ಮನೆಯ ಬಾಗಿಲು ತೆರೆದೇ ಇತ್ತು. ಹಿತ್ತಿಲಲ್ಲಿ ತಾಯಿ ಮಗಳ ಮಾತು. ಭಾಗಮ್ಮ ನಡುಮನೆಯಲ್ಲೇ ನಿಂತು ಕಿವಿ ಕೊಟ್ಟಳು.

"ಎಲ್ಲಾ ಬಿಟ್ಟೀನವ್ವ," ಶೀಲಾ ಅಳುತ್ತಿದ್ದಳು. "ಕೆಳಗ, ಹೆಂಗಸರ ಜಾಗದಾಗ ಕ್ಯಾಂಡಿಡಾ ಅಂತ ಬೂಷ್ಟ ಬೆಳದದ ಅಂದ್ರು ಡಾಕ್ಟರು. ಸಿಹಿ ತಿಂದಷ್ಟೂ ಅದು ಬೆಳೀತದ ಅಂತ ಫೋನಿನಾಗ ನೋಡಿ, ನೀ ಕಳ್ಸಿದ ಹಣ್ಣ ಸುದಾ ಮುಟ್ಟಲಿಲ್ಲ. ಕಡಿಮಿ ಆಗಿತ್ತು, ಗುಳಿಗಿನೂ ನಡಕ ಬಿಟ್ಟಿದ್ದೆ. ಈಗ ಮತ್ತ ಅದೇ ತುರಿಕಿ, ಅದೇ ಉರಿ. ಒಂದು ಗಳಿಗಿ ಕೂಡಾಕ ಆಗವಲ್ದು."

"ನಿಮ್ಮ ಅತ್ತಿಗಿ ಹೇಳಬೇಕಿಲ್ಲೇನು?" ತಾಯಿ ವಿದ್ಯಾವತಿಯ ದನಿ.

"ಇಂಥಾದ್ದು ಹೆಂಗ ಹೇಳ್ಲಿ? ಹೊಲಸು ರೋಗ ಅಂದ್ರ? ಅವರ ಕೈಯಾಂದು ಹಿಂಡಿ ಒಂದ ಉಳದದ ನನ್ನ ಬಾಯಿಗಿ. ಅದನ್ನೂ ಬಿಟ್ರ ಪಾಪ, ಮನಸಿಗಿ ಹಚ್ಚಿಕೊಳ್ತಾರ."

ಆ ತುರಿಕೆ, ಆ ಉರಿ ಭಾಗಮ್ಮನಿಗೇನು ಹೊಸದೇ? ಎಷ್ಟೋ ವರ್ಷಗಳಿಂದ ಬೇವಿನ ಸೊಪ್ಪಿನ ನೀರಲ್ಲಿ ತೊಳೆದುಕೊಂಡು, ಹಲ್ಲು ಕಚ್ಚಿ, ಗಂಡನಿಗೂ ಹೇಳದೆ ನುಂಗಿದ ಸಂಕಟವದು. ಅದಕ್ಕೊಂದು ಹೆಸರಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿತು. ಬಂದ ದಾರಿಗೆ ಸುಂಕವಿಲ್ಲವೆಂದು ಸದ್ದಿಲ್ಲದೆ ಹಿಂದಿರುಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ "ಪಾಪ" ಅನ್ನುವ ಮಾತು ಅವಳನ್ನು ಹಿತ್ತಿಲಿಗೆ ನೂಕಿತು.

"ಹಿಂಡ್ಯಾಗ ಬೆಲ್ಲ ಹಾಕೀನಿ," ಅಂದಳು ಹೊಸ್ತಿಲಲ್ಲೇ ನಿಂತು. "ನಾನ ಹಾಕೀನಿ."

ತಾಯಿ ಮಗಳಿಬ್ಬರೂ ದಂಗಾದರು. "ಯಾಕ್ರಿ ಅತ್ತಿ?" ಶೀಲಾಳ ದನಿ ಸಿಟ್ಟಿಗೂ ಏರಲಿಲ್ಲ.

"ನೀ ಬ್ಯಾರಿ ಆಗ್ತಿ ಅಂತ ಅಂಜಿಕಿ. ನಿಂದು ಪಥ್ಯ ಖರೇನೋ ಸುಳ್ಳೋ ನೋಡಾಕ." ಭಾಗಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ನಂಗೂ ಅದ ಯವ್ವಾ, ಅದೇ ತುರಿಕಿ. ನಿನ್ನ ಡಾಕ್ಟರ ಬಲ್ಲಿ ನನ್ನೂ ಕರಕೊಂಡು ನಡಿ."

ಮರುದಿನ ಕಲಬುರಗಿಯ ಆ ಡಾಕ್ಟರಮ್ಮ ಇಬ್ಬರ ಮಾತನ್ನೂ ಕೇಳಿದರು. "ಆ ಬೆಲ್ಲದಿಂದಲೇ ಬಂತು ಅಂತ ಹೇಳಾಕ ಆಗಂಗಿಲ್ಲ. ಬರೇ ಪಥ್ಯದಿಂದ ಇದು ಹೋಗಂಗಿಲ್ಲ. ನೀ ಅರ್ಧಕ್ಕ ಔಷಧ ಬಿಟ್ಟಿದ್ದು ತಪ್ಪು," ಎಂದು ಶೀಲಾಳನ್ನು ಗದರಿದರು. ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಶೀಲಾಳದು ಸರಿಯಿತ್ತು. ಭಾಗಮ್ಮನ ಸಕ್ಕರೆ ಏರಿ ಕೂತಿತ್ತು. ಸಿಹಿ ನಿಜವಾಗಿ ಬಿಡಬೇಕಾದವಳು ಅತ್ತೆಯೇ!

ಸಣ್ಣ ಪಾತ್ರೆ ಅಟ್ಟ ಸೇರಿತು. ಪಲ್ಯ ಈಗ ದೊಡ್ಡ ಪಾತ್ರೆಯಲ್ಲಿ, ಎಲ್ಲರಿಗೂ ಒಂದೇ. ಬೀಗರಿಗೆ ಕೊಡಲು ಮರೆತ ಪೇಡೆ ತುಳಜಾಬಾಯಿಯ ಪಾಲಾಯಿತು. ಔಷಧ ಮುಗಿಸಿದ ಶೀಲಾಳ ಮುಖಕ್ಕೆ ಕಳೆ ಮರಳಿತು. ಭಾಗಮ್ಮ ಬೆಲ್ಲವಿಲ್ಲದ ಹೊಸ ಹಿಂಡಿ ಕುಟ್ಟಿ ಊಟಕ್ಕೆ ತಂದಿಟ್ಟಳು. ಶೀಲಾಳ ಕೈ ಡಬ್ಬಿಯ ಮೇಲೆ ಹೋಗಿ, ಅಲ್ಲೇ ನಿಂತಿತು.

ಭಾಗಮ್ಮ ಒಂದು ಚಿಟಿಕೆ ತೆಗೆದು ಮೊದಲು ತನ್ನ ನಾಲಿಗೆಯ ಮೇಲಿಟ್ಟುಕೊಂಡಳು. ಆಮೇಲೆ ಶೀಲಾ ಬಡಿಸಿಕೊಂಡಳು.

ಇವತ್ತಿಗೂ ದಿನಾ ಹಾಗೆಯೇ ನಡೆಯುತ್ತದೆ. ಸೊಸೆ ಈಗ ನಗುತ್ತಾಳೆ, ಅತ್ತೆಯ ಗುಳಿಗೆ ನೆನಪಿಸುತ್ತಾಳೆ, ಬಾಯಿ ತುಂಬ ಮಾತಾಡುತ್ತಾಳೆ. ಆದರೆ "ಇನ್ನ ಆ ಚಿಟಿಕಿ ಬ್ಯಾಡ್ರಿ ಅತ್ತಿ" ಅಂತ ಮಾತ್ರ ಒಂದು ದಿನವೂ ಅಂದಿಲ್ಲ.