ಎತ್ತಿದ ಕೈ

"ಎತ್ತೇ ಕೈನ, ಮುಂಡೇದೆ! ಗಂಡ ಅಂತ ಲೆಕ್ಕ ತಪ್ಪಿಸ್ತೀಯಾ?"

ಮೇಸ್ತ್ರಿಯ ಉಗುಳು ನೀಲಕ್ಕನ ಕೆನ್ನೆಗೆ ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಬೇಕಾದರೂ ಕೈ ಎತ್ತಬೇಕು, ಎತ್ತಿದರೆ ಅದನ್ನೂ ಆ ಪುಣ್ಯಾತ್ಮ ಲೆಕ್ಕಕ್ಕೆ ಹಿಡಿದುಬಿಡುತ್ತಾನೆ. ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿಕೊಂಡು ನಿಂತೇ ಇದ್ದಳು.

ಬಣ್ಣದ ಕಾರ್ಖಾನೆಯ ಶೆಡ್ಡಿನ ನಡುವೆ ಗುಂಡಿ ಬಾಯಿ ತೆರೆದುಕೊಂಡಿತ್ತು. ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ತೊಟ್ಟಿಗಳಲ್ಲಿ ಬಟ್ಟೆ ಅದ್ದಿ ಹಿಂಡಿದ ನೀರೆಲ್ಲ ಇದೇ ಗುಂಡಿಗೆ ಇಳಿದು, ತಳದ ಕೊಳವೆಯಿಂದ ಆಚೆ ಹೋಗಬೇಕು. ನೂಲಿನ ಸಿಕ್ಕು, ಸುಣ್ಣ, ಬಣ್ಣದ ಗಷ್ಟು ಸೇರಿ ಕೊಳವೆಯ ಬಾಯಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಉಕ್ಕಿ ಕೆಲಸ ನಿಂತುಹೋಗುತ್ತದೆ. ಕೊಳವೆ ಮೂಲೆಯಲ್ಲಿ ತಿರುಗಿಕೊಂಡಿರುವುದರಿಂದ ಬಿದಿರಿನ ಗಳ ಹಾಕಿ ತಿವಿದರೆ ಪ್ರಯೋಜನವಿಲ್ಲ. ಯಂತ್ರ ತರಿಸಬೇಕು. ಇಲ್ಲವಾದರೆ ಯಾರಾದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಕೈಯಲ್ಲೇ ಕೆರೆದು ಬಿಡಿಸಬೇಕು. ಒಳಗಿನ ಗಾಳಿ ಒಂದೊಂದು ದಿನ ಮನುಷ್ಯನನ್ನು ಸುಮ್ಮನೆ ಬಿಡುತ್ತದೆ, ಒಂದೊಂದು ದಿನ ಬಿಡುವುದಿಲ್ಲ. ಇವತ್ತು ಹೇಗಿದೆ ಎಂದು ಇಳಿದ ಮೇಲೆಯೇ ಗೊತ್ತಾಗುವುದು.

ಗುಂಡಿಯ ಸುತ್ತ ನಿಂತವರ ಕೈಗಳೆಲ್ಲ ಮೇಲಿದ್ದವು. ಕೆಂಪು ತೊಟ್ಟಿಯವರ ಕೈ ಮೊಣಕೈವರೆಗೂ ಕೆಂಪು, ನೀಲಿ ತೊಟ್ಟಿಯವರದು ನೀಲಿ. ಎಷ್ಟು ಸೋಪು ಉಜ್ಜಿದರೂ ಆ ಬಣ್ಣ ಹೋಗುವುದಿಲ್ಲ. ಕೆಂಪಿನವರು ಶೆಡ್ಡಿನ ತುಂಬ ಇದ್ದಾರೆ. ನೀಲಿ ತೊಟ್ಟಿ ಕೊಳೆತ ಮೊಟ್ಟೆಯಂತೆ ನಾರುವುದರಿಂದ ಅಲ್ಲಿಗೆ ಹಾಕುವುದು ಕಟ್ಟಕಡೆಯ ಸಾಲಿನ ಮನೆಗಳವರನ್ನು ಮಾತ್ರ. ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳದ ಜನ. ಮೊದಲು ಐವರಿದ್ದರು, ಈಗ ನಾಲ್ವರು. ಗುಂಡಿಗೆ ಯಾರು ಇಳಿಯಬೇಕು ಎಂದು ಕೈ ಎತ್ತಿಸಿದಾಗಲೆಲ್ಲ ನೀಲಿಯವರ ಪಾಲಿಗೇ ಬರುವುದು ಏಕೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಕೈ ಎತ್ತಿಸುವ ಪದ್ಧತಿ ಧಣಿಯದು. ಹಿಂದೆ ಅವನೇ ಬೆರಳು ತೋರಿಸಿ ಇಳಿಸುತ್ತಿದ್ದ. ಮನುಷ್ಯರನ್ನು ಗುಂಡಿಗೆ ಇಳಿಸಿದರೆ ಜೈಲು ಎಂಬ ಕಾನೂನು ಬಂದ ಮೇಲೆ ಅವನಿಗೆ ಜನರ ಅಭಿಪ್ರಾಯದ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು. "ನಾನ್ಯಾರಪ್ಪ ಹೇಳೋಕೆ? ನೀವು ನೀವೇ ಸೇರ್ಕೊಂಡು ತೀರ್ಮಾನ ಮಾಡಿ" ಎಂದು ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಇವತ್ತಿನ ಪಾಳಿ ಸಣಕಲನದು. ಸಣಕಲ ಎಂದರೆ ನೀಲಕ್ಕನ ಗಂಡ. ಗುಂಡಿಯ ಬಾಯಿ ಕಿರಿದು, ಇವನ ಮೈ ಅದಕ್ಕಿಂತ ಕಿರಿದು, ಇನ್ನೇನು ಬೇಕು? ಅವನು ಅಂಗಿ ಕಳಚಿ ಮಡಚಿ ತೊಟ್ಟಿಯ ಕಟ್ಟೆಯ ಮೇಲಿಟ್ಟಿದ್ದ. ಪಕ್ಕೆಲುಬು ಎಣಿಸಬಹುದಾಗಿತ್ತು. ಯಾರ ಮುಖವನ್ನೂ ನೋಡದೆ ಹಗ್ಗದ ಗಂಟನ್ನು ಬಿಗಿ ಮಾಡುವುದು, ಬಿಚ್ಚುವುದು, ಮತ್ತೆ ಬಿಗಿ ಮಾಡುವುದು ಮಾಡುತ್ತಿದ್ದ.

"ಅವಳ ಕೈ ಯಾಕೆ ಬೇಕು ಬಿಡೋ, ಬೇಕಾದಷ್ಟು ಬಿದ್ದಿವೆಯಲ್ಲ" ಎಂದಳು ಕೆಂಪಿನವರ ಅಜ್ಜಿ. ಅವಳ ಕೈಯೂ ಮೇಲೆಯೇ ಇತ್ತು.

"ಬೇಕು ಕಣಜ್ಜಿ. ನಾಳೆ ಏನಾದ್ರೂ ಆದ್ರೆ ಹೆಂಡ್ತೀನೇ ಕೈ ಎತ್ತಿದ್ಲು ಅಂತ ಹೇಳ್ಬೇಕಲ್ಲ. ಹೋದ್ಸಲ ಈ ಹಡಬೆ ಸಾಹೇಬರ ಮುಂದೆ ಏನೇನು ಬೊಗಳಿದ್ಲು, ಮರ್ತೋಯ್ತಾ?"

ಹೋದ ಸಲ ಇಳಿದದ್ದು ಅವಳ ಬಾವ, ಸಣಕಲನ ಅಣ್ಣ. ಇಳಿಯುವ ಮುಂಚೆ ಅವನು ಒಮ್ಮೆ ಸುತ್ತ ತಿರುಗಿ ಎತ್ತಿದ ಕೈಗಳನ್ನು ನೋಡಿದ್ದ. ಆ ನೋಟವನ್ನು ನೀಲಕ್ಕ ಮರೆತಿಲ್ಲ. ದಾರಿ ತಪ್ಪಿದ ಮಗು ಸಂತೆಯಲ್ಲಿ ಗೊತ್ತಿರುವ ಮುಖ ಹುಡುಕುವಂತೆ ಒಂದೊಂದೇ ಕೈ ನೋಡಿ, ಸುಮ್ಮನೆ ಇಳಿದುಹೋದ. ಸ್ವಲ್ಪ ಹೊತ್ತಿಗೆ ಹಗ್ಗ ಸಡಿಲವಾಯಿತು. ಎಳೆದು ಮೇಲೆ ತಂದಾಗ ಬಾಯಿ ತುಂಬ ಬಣ್ಣದ ಗಷ್ಟು.

ಮಾರನೆಯ ದಿನ ವಿಚಾರಣೆಗೆಂದು ಸರ್ಕಾರದ ಸಾಹೇಬರು ಬಂದರು. ಧಣಿಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಟೀ ಕುಡಿದರು. ನೀಲಿಯವರನ್ನು ಬಾಗಿಲಾಚೆಯೇ ನಿಲ್ಲಿಸಿ, ಮೂಗಿಗೆ ಕರ್ಚೀಫು ಹಿಡಿದು ಕೇಳಿದರು. "ಯಾರು ಇಳಿಸಿದ್ದು?"

"ಯಾರೂ ಇಳಿಸ್ಲಿಲ್ಲ ಸಾರ್. ಅವ್ರವ್ರೇ ಓಟು ಹಾಕ್ಕೊಂಡ್ರು" ಎಂದ ಧಣಿ.

"ನೋಡಮ್ಮ, ಹೆಚ್ಚು ಜನ ಹೇಳಿದ ಹಾಗೆ ಆಗಿದೆ. ಪ್ರಜಾಪ್ರಭುತ್ವ ಅಂದ್ರೆ ಇದೇ."

ನೀಲಕ್ಕನಿಗೆ ಎಲ್ಲಿತ್ತೋ ಧೈರ್ಯ, ಕೇಳಿಬಿಟ್ಟಿದ್ದಳು. "ಹೆಚ್ಚು ಜನ ಸೇರಿದ್ರೆ ಒಬ್ಬನ್ನ ಸಾಯಿಸಬಹುದಾ ಸಾರ್?"

ಸಾಹೇಬರು ಕಪ್ಪು ಕೆಳಗಿಟ್ಟರು. ಅವರಿಗೆ ಸಿಟ್ಟು ಬರಲಿಲ್ಲ, ಪಾಠ ಹೇಳುವ ಹುರುಪು ಬಂತು. "ಹಾಗಲ್ಲ. ಊರಿಗೆ ಊರೇ ಕೈ ಎತ್ತಿದ್ರೂ ಒಬ್ಬನಿಗೆ ಮಾಡಬಾರದ್ದು ಅಂತ ಕೆಲವು ಇರ್ತವೆ. ಅದನ್ನ ಕಾಯೋದಕ್ಕೆ ಗಣರಾಜ್ಯ ಅಂತಾರೆ. ಅದೇ ಬೇರೆ, ಇದೇ ಬೇರೆ. ನಮ್ಮಲ್ಲಿ ಎರಡೂ ಇದೆ."

"ನಮ್ ಬಾವ ಇಳಿಯೋವಾಗ ಆ ಎರಡ್ನೇದು ಎಲ್ಲಿತ್ತು ಸಾರ್?"

ಜೊತೆಗಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರು ಕಿಟಕಿಯಾಚೆಗೆ ಕೈ ತೋರಿಸಿದರು. ಶೆಡ್ಡಿನ ಗೋಡೆಯ ಮೇಲೆ, ಬಟ್ಟೆಯ ಮೂಟೆಗಳ ಹಿಂದೆ, ಒಂದು ಬೋರ್ಡಿನ ಮೂಲೆ ಕಾಣುತ್ತಿತ್ತು. "ಬರೆದು ಹಾಕಿಸಿದ್ದೀವಲ್ಲ. ಯಾರನ್ನೂ ಇಳಿಸಬಾರದು ಅಂತ ದೊಡ್ಡಕ್ಷರದಲ್ಲಿ ಬರೆದಿದೆ. ಆ ಮೂಟೆ ಸ್ವಲ್ಪ ಸರಿಸಿ ಅಂತ ಹೇಳಿ." ಧಣಿ ಆಗಲಿ ಎಂದ. ಮೂಟೆ ಸರಿಯಲಿಲ್ಲ. ಸಾಹೇಬರು ಮತ್ತೆ ಬರಲಿಲ್ಲ.

"ಸಾಕು ಬಿಡಯ್ಯ, ಬಹುಮತ ಬಿತ್ತಲ್ಲ" ಎಂದು ಈಗ ಧಣಿ ಕುರ್ಚಿಯಿಂದಲೇ ಮೇಸ್ತ್ರಿಯತ್ತ ಕೈ ಬೀಸಿದ. "ನಾನೇನು ಬಲವಂತ ಮಾಡ್ತಾ ಇಲ್ಲ ಕಣಮ್ಮ. ಜನ ಹೇಳಿದ್ದಾರೆ. ಜನ ಹೇಳಿದ ಮೇಲೆ ನಾನೂ ಒಂದೇ, ನಿನ್ನ ಗಂಡನೂ ಒಂದೇ."

ಎತ್ತಿದ ಕೈಗಳು ಇಳಿದವು. ಸಣಕಲ ಗುಂಡಿಯ ಅಂಚಿಗೆ ಬಂದು ಕೂತು ಕಾಲು ಒಳಗಿಳಿಬಿಟ್ಟ. ಹೆದರಿಕೆ ಎಂದರೆ ಏನೆಂದು ನೀಲಕ್ಕನಿಗೆ ಗೊತ್ತಿಲ್ಲದ್ದಲ್ಲ, ಹುಟ್ಟಿದಾಗಿನಿಂದ ಜೊತೆಗೇ ಬೆಳೆದದ್ದು. ಧಣಿಗೆ ಹೆದರಿದ್ದಳು, ಮೇಸ್ತ್ರಿಗೆ ಹೆದರಿದ್ದಳು, ಮಳೆಗೆ ಸೋರುವ ಸೂರಿಗೂ ಹೆದರಿದ್ದಳು. ಆದರೆ ದಿನಾ ತನ್ನ ಪಕ್ಕದಲ್ಲೇ ದುಡಿಯುವವರ ಕೈಗಳಿಗೆ ಹೆದರುವುದು ಬೇರೆ ಥರ. ಆ ಅಜ್ಜಿಯ ಕಾಲಿಗೆ ಮುಳ್ಳು ಚುಚ್ಚಿದಾಗ ಕಿತ್ತವಳು ಇವಳೇ. ಅವಳ ಬಾಯಿಂದ ಮಾತು ತಾನಾಗಿಯೇ ಹೊರಬಿತ್ತು.

"ಅಂಗಾದ್ರೆ ನಾನೂ ಒಂದು ಕೇಳ್ತೀನಿ."

"ಏನೇ ಅದು?"

"ಧಣಿ ಇಳೀಲಿ ಅನ್ನೋರು ಕೈ ಎತ್ತಿ."

ಮೊದಲು ನಕ್ಕವನು ಧಣಿಯೇ. ಹೊಟ್ಟೆ ಕುಲುಕಿಸಿಕೊಂಡು ನಕ್ಕ. "ಭಲೇ! ಎತ್ರಪ್ಪ, ಎತ್ತಿ! ಯಾರ್ ಎತ್ತುತ್ತೀರೋ ನೋಡೋಣ!"

ಅವನು ನಕ್ಕದ್ದರಿಂದ ಮಿಕ್ಕವರಿಗೂ ನಗಲು ಅಪ್ಪಣೆ ಸಿಕ್ಕಂತಾಯಿತು. ಹಿಂದಿನಿಂದ ಒಬ್ಬ ತಮಾಷೆಗೆಂದು ಕೈ ಎತ್ತಿದ. "ನಮ್ ಧಣಿ ಹೊಟ್ಟೆ ತೂರುತ್ತೇನ್ರೋ ಅದ್ರಲ್ಲಿ?" ಎಂದ. ನಗು ಜೋರಾಯಿತು. ಇನ್ನೊಂದು ಕೈ ಮೇಲೆದ್ದಿತು. "ಎಣ್ಣೆ ಸವರಿದ್ರೆ ತೂರುತ್ತೆ ಬಿಡು." ಮತ್ತೆರಡು ಕೈ. ಕೆಂಪಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾ ತನ್ನದನ್ನೂ ಎತ್ತಿದಳು. ಎತ್ತಿ ನಿಂತವಳ ನಗು ನಿಧಾನವಾಗಿ ನಿಂತಿತು, ಕೈ ಮಾತ್ರ ಇಳಿಯಲಿಲ್ಲ. ಅವಳ ಮಗನ ಮೂರು ಬೆರಳು ಇದೇ ಶೆಡ್ಡಿನ ಹಿಂಡುವ ಯಂತ್ರಕ್ಕೆ ಹೋಗಿದ್ದವು, ಧಣಿ ಅವನನ್ನು ಅದೇ ಸಂಜೆ ಗೇಟಿನಾಚೆ ದಬ್ಬಿದ್ದ. ಅಜ್ಜಿಯ ಮುಖ ನೋಡಿ ಪಕ್ಕದವರೂ ನಗು ನಿಲ್ಲಿಸಿ ಕೈ ಎತ್ತಿದರು. ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ಶೆಡ್ಡಿನ ಆ ತುದಿಯವರೆಗೂ ಕೈಗಳು ಎದ್ದವು. ಯಾರೂ ನಗುತ್ತಿರಲಿಲ್ಲ.

"ಏಯ್, ತಮಾಷೆ ಸಾಕು. ಇಳಿಸ್ರೋ ಕೈನ" ಎಂದ ಧಣಿ.

ಯಾರೂ ಇಳಿಸಲಿಲ್ಲ. ಬದಲಿಗೆ ಇಬ್ಬರು ಗಂಡಸರು ಮುಂದೆ ಬಂದು ಅವನ ರಟ್ಟೆ ಹಿಡಿದರು. ಬಿಳಿ ಅಂಗಿಯ ಮೇಲೆ ಕೆಂಪು ಬೆರಳುಗಳು ಮೂಡಿದವು. ಕುರ್ಚಿ ಉರುಳಿತು. ಮೇಸ್ತ್ರಿ "ಬಿಡ್ರೋ ಸೂಳೆಮಕ್ಳಾ" ಎಂದು ಕೂಗಿದನಾದರೂ ಎರಡು ಹೆಜ್ಜೆ ಹಿಂದಕ್ಕೇ ಹೋದ. ಎಷ್ಟಾದರೂ ಅವನು ಲೆಕ್ಕ ಬಲ್ಲವನು.

"ಜನ ಹೇಳಿದ್ದಾರೆ ಧಣಿ. ನೀವೇ ಹೇಳಿದ್ರಲ್ಲ, ಜನ ಹೇಳಿದ ಮೇಲೆ ಎಲ್ಲಾ ಒಂದೇ ಅಂತ" ಎಂದ ರಟ್ಟೆ ಹಿಡಿದವನು.

"ಕಾನೂನಿದೆ ಕಣ್ರೋ!" ಧಣಿಯ ಗಂಟಲು ಕೀರಲಾಯಿತು. "ಯಾರನ್ನೂ ಇಳಿಸೋ ಹಾಗಿಲ್ಲ! ಗೋಡೆ ಮೇಲೆ ಬರೆದಿದೆ! ಮೂಟೆ ಸರಿಸಿ ನೋಡ್ರೋ! ನೀವು ಎಷ್ಟೇ ಜನ ಕೈ ಎತ್ತಿದ್ರೂ ಒಬ್ಬ ಮನುಷ್ಯನ್ನ ಹಿಂಗೆ ಮಾಡೋ ಹಾಗಿಲ್ಲ ಕಣ್ರೋ!"

ಅವನನ್ನು ಗುಂಡಿಯ ಅಂಚಿಗೆ ಎಳೆದು ತಂದರು. ಅಲ್ಲಿ ಅವನು ಒಮ್ಮೆ ಸುತ್ತ ತಿರುಗಿ ಎತ್ತಿದ ಕೈಗಳನ್ನು ನೋಡಿದ. ಒಂದೊಂದೇ ಕೈ ನೋಡಿದ.

ನೀಲಕ್ಕ ಆ ನೋಟವನ್ನು ಮೊದಲೂ ನೋಡಿದ್ದಳು. ಧಣಿಯ ಮೇಲೆ ಅವಳಿಗೆ ಕನಿಕರ ಬಂತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಅವನು ಸತ್ತರೆ ಅವಳು ಒಂದು ಹನಿ ಕಣ್ಣೀರು ಹಾಕುವವಳಲ್ಲ. ಆದರೆ ಇವನನ್ನು ಇಳಿಸಿದ ಈ ಕೈಗಳು ನಾಳೆ ಮತ್ತೆ ಮೇಲೇಳುತ್ತವೆ, ಆಗಲೂ ನೀಲಿಯವರು ನಾಲ್ವರೇ ಇರುತ್ತಾರೆ ಎಂಬುದು ಅವಳಿಗೆ ಹೊಳೆಯಿತು.

ಅವಳು ನುಗ್ಗಿ ಬಂದು ಗಂಡನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆಳೆದಳು. ಕಬ್ಬಿಣದ ಮುಚ್ಚಳವನ್ನು ಎರಡೂ ಕೈಯಲ್ಲಿ ದಬ್ಬಿದಳು. ಅದು ಕಿರ್ರೆಂದು ನೆಲ ಕೆರೆಯುತ್ತ ಬಂದು ಗುಂಡಿಯ ಬಾಯಿಗೆ ಓರೆಯಾಗಿ ಕೂತಿತು. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಯಾರೂ ಇಳಿಯಂಗಿಲ್ಲ. ಇವನೂ ಇಲ್ಲ, ಅವನೂ ಇಲ್ಲ. ಎಷ್ಟು ಕೈ ಎತ್ತಿದ್ರೂ ಇಲ್ಲ."

"ಏ ನೀಲಿ, ಹುಚ್ಚು ಹಿಡೀತೇನೆ ನಿಂಗೆ?" ಎಂದಳು ಕೆಂಪಜ್ಜಿ. ಅವಳ ಕಣ್ಣಲ್ಲಿ ನೀರಿತ್ತು. "ನೀನೇ ಕೇಳಿದ್ದು! ಇವತ್ತು ಬಿಟ್ರೆ ಇನ್ಯಾವತ್ತು ಸಿಗ್ತಾನೆ ಈ ಬೋಳಿಮಗ?"

"ಕೇಳಿದ್ದು ನಾನೇ ಅಜ್ಜಿ. ನಿಮ್ ಕೈ ನೋಡಿ ಹೆದರಿಕೆ ಆಯ್ತು."

ಒಂದೊಂದಾಗಿ ಕೈಗಳು ಇಳಿದವು, ರಟ್ಟೆ ಹಿಡಿದವರ ಹಿಡಿತ ಸಡಿಲಾಯಿತು. ಧಣಿಗೆ ಅಷ್ಟೇ ಸಾಕಿತ್ತು. ಕೊಸರಿಕೊಂಡು ಮೇಸ್ತ್ರಿಯ ಹಿಂದೆ ಹೋಗಿ ನಿಂತ. ಅಂಗಿ ಸರಿಮಾಡಿಕೊಂಡ, ಏದುಸಿರು ಬಿಡುತ್ತಲೇ ಒಂದು ನಗು ತಂದುಕೊಂಡ. ಹಿಂದಿನ ದನಿ ಮರಳಿ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆಯ್ತು, ಆಗಿದ್ದು ಆಯ್ತು. ಇವತ್ತಿನದು ಯಾವುದನ್ನೂ ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ. ಆದ್ರೆ ಕೊಳವೆ ಕಟ್ಟಿದೆ. ಇವಳು ಕೂತಿರೋವರೆಗೂ ಕೆಲಸ ಇಲ್ಲ, ಕೂಲಿ ಇಲ್ಲ, ಗೇಟು ಬೀಗ. ಯೋಚನೆ ಮಾಡಿ." ಸ್ವಲ್ಪ ತಡೆದ. "ಇವಳನ್ನ ಮುಚ್ಚಳದ ಮೇಲಿಂದ ಎಬ್ಬಿಸ್ಬೇಕು ಅನ್ನೋರು ಕೈ ಎತ್ತಿ."

ಸುತ್ತ ನಿಂತವರು ತಲೆ ತಗ್ಗಿಸಿದರು. ಮುಂದಿದ್ದವನೊಬ್ಬ ನೆಲ ನೋಡುತ್ತಲೇ ಕೈ ಎತ್ತಿದ. ಅವನ ಮನೆಯಲ್ಲಿ ಬಾಣಂತಿ ಇದ್ದಾಳೆ, ನೀಲಕ್ಕನಿಗೆ ಗೊತ್ತು. ಅವನ ಹಿಂದೆ ಇನ್ನೊಬ್ಬ. ಧಣಿಯ ರಟ್ಟೆ ಹಿಡಿದಿದ್ದವರೂ ಎತ್ತಿದರು. ಕೆಂಪಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಆ ಕೈಯನ್ನು ಹಾಗೆಯೇ ಮೇಲೆ ಮಾಡಿದಳು. ನೀಲಿ ಕೈಯೊಂದು ಕೂಡ ಎದ್ದಿತು.

ಸಣಕಲ ಬಂದು ಹೆಂಡತಿಯ ಪಕ್ಕ ಕೂತ. ಮುಚ್ಚಳದ ಮೇಲೆ ಇಬ್ಬರಿಗೆ ಜಾಗ ಸಾಲದು, ಅರ್ಧ ನೆಲದ ಮೇಲೆಯೇ ಕೂತ. "ಏಳೇ, ಸಾಯಿಸ್ಬಿಡ್ತಾರೆ" ಎಂದು ಪಿಸುಗುಟ್ಟಿದ. ಅವಳು ಏಳಲಿಲ್ಲ. ಕೈ ಎತ್ತಿ ನಿಂತವರತ್ತ ತಿರುಗಿ ಮಾತಾಡಿದಳು.

"ಎತ್ತಿದ ಕೈಯಲ್ಲಿ ನನ್ನ ಎಬ್ಬಿಸೋಕಾಗಲ್ಲ. ಕೈ ಇಳಿಸ್ಕೊಂಡು ಬನ್ನಿ. ಎಲ್ಲರೂ ಅಂತ ಅಲ್ಲ, ಒಬ್ಬೊಬ್ಬರೇ ಬನ್ನಿ. ಮೊದ್ಲು ಯಾರು ಮುಟ್ತೀರಿ ನನ್ನ?"

"ಹೋಗ್ರೋ, ಎಳೀರೋ ಅವಳನ್ನ!" ಎಂದು ಮೇಸ್ತ್ರಿ ಅರಚಿದ.

ಕೈಗಳು ಮೇಲೆಯೇ ಇದ್ದವು. ಇಳಿಸಿದವನು ಮುಂದೆ ಹೋಗಬೇಕಾಗುತ್ತದೆ ಎಂದೋ ಏನೋ, ಯಾರೂ ಇಳಿಸಲಿಲ್ಲ. ಕೆಂಪಜ್ಜಿಯ ಕೈ ನೋವಿನಿಂದ ಅದುರತೊಡಗಿತ್ತು, ಇನ್ನೊಂದು ಕೈಯಿಂದ ಅದನ್ನು ಆತುಕೊಂಡು ನಿಂತಳು. ಇಡೀ ಶೆಡ್ಡಿನಲ್ಲಿ ಒಂದೇ ಒಂದು ಸದ್ದು ಕೇಳುತ್ತಿತ್ತು. ನೀಲಕ್ಕ ನಡುಗುತ್ತಿದ್ದಳು, ಅವಳ ಕೆಳಗೆ ಓರೆಯಾಗಿ ಕೂತ ಮುಚ್ಚಳ ಗುಂಡಿಯ ಅಂಚಿಗೆ ಕಟಕಟ ಬಡಿಯುತ್ತಿತ್ತು.